ತೀರ್ಪು ತೀರಬೇಕಾದ ಹೊತ್ತು: ನ್ಯಾಯಾಧೀಶನ ಕರ್ತವ್ಯನೀತಿಯ ಕೆಲವು ಚಾರಿತ್ರಿಕ ನೆಲೆಗಳು

ಪೀಠಿಕೆ

ನ್ಯಾಯನಿರ್ಣಯವನ್ನು ಸೂಚಿಸುವ ‘ತೀರ್ಪು’ ಎಂಬ ಕನ್ನಡ ಪದವು ‘ತೀರ್’ ಎಂಬ ಧಾತುವಿನಿಂದ ನಿಷ್ಪನ್ನವಾದುದು. ಮುಗಿಯುವುದು, ಪೂರೈಸುವುದು, ಬಗೆಹರಿಯುವುದು ಎಂಬುವು ಈ ಧಾತುವಿನ ಮೂಲಾರ್ಥಗಳು. ಸಾಲ ತೀರುತ್ತದೆ, ಹರಕೆ ತೀರುತ್ತದೆ, ಋಣ ತೀರುತ್ತದೆ. ಅಂತೆಯೇ ವ್ಯಾಜ್ಯವೂ ತೀರುತ್ತದೆ. ತಮಿಳು ಮತ್ತು ತೆಲುಗು ಭಾಷೆಗಳಲ್ಲಿಯೂ ಇದೇ ಧಾತುವಿನಿಂದ ಹುಟ್ಟಿದ ಪದವು ಇದೇ ಅರ್ಥದಲ್ಲಿ ಬಳಕೆಯಲ್ಲಿರುವುದನ್ನು ಗಮನಿಸಿದರೆ, ನಿರ್ಣಯವೆಂಬುದನ್ನು ದಕ್ಷಿಣದ ಭಾಷಿಕ ಸಮುದಾಯಗಳು ಮೊದಲಿನಿಂದಲೂ ಒಂದು ಮುಕ್ತಾಯವಾಗಿ ಗ್ರಹಿಸಿದ್ದವೆಂದು ಹೇಳಬಹುದು. ಸಂಸ್ಕೃತದಿಂದ ಬಂದ ‘ನ್ಯಾಯ’ ಶಬ್ದಕ್ಕೆ ಆಡುಗನ್ನಡದಲ್ಲಿ ಧರ್ಮಯುತವಾದ ನಿರ್ಣಯ ಎಂಬ ಅರ್ಥದ ಜೊತೆಗೆ ಜಗಳ ಎಂಬ ಅರ್ಥವೂ ಇದೆ. ‘ಅವರಿಬ್ಬರ ನಡುವೆ ನ್ಯಾಯ ಬಿದ್ದಿದೆ’ ಎಂದು ಹಳ್ಳಿಗರು ಹೇಳುವಾಗ ಆ ಮಾತಿಗೆ ವ್ಯಾಜ್ಯ ಹುಟ್ಟಿದೆ ಎಂದಷ್ಟೇ ಅರ್ಥ. ಹಾಗೆ ಬಿದ್ದ ನ್ಯಾಯವನ್ನು ತೀರಿಸುವುದೇ ಹಿರಿಯರ ಕೆಲಸ. ತೀರಿಸದೆ ಬಿಟ್ಟ ನ್ಯಾಯ ಜನರ ಭಾಷೆಯಲ್ಲಿ ಜಗಳವಾಗಿಯೇ ಉಳಿಯುತ್ತದೆ.

ನ್ಯಾಯಾಧೀಶನು ತನ್ನ ಮುಂದಿರುವ ಕಾರ್ಯವನ್ನು ಸಕಾಲದಲ್ಲಿ ಹಾಗೂ ನಿಷ್ಪಕ್ಷಪಾತವಾಗಿ ನಡೆಸಬೇಕೆಂಬ ನೀತಿಯನ್ನು ಆಧುನಿಕ ನ್ಯಾಯಾಂಗದ ಕೊಡುಗೆಯೆಂದು ಭಾವಿಸುವುದು ರೂಢಿಯಾಗಿದೆ. ಆದರೆ ಈ ನೀತಿಗೆ ದೀರ್ಘವಾದ ಚರಿತ್ರೆಯಿದೆ. ಆ ಚರಿತ್ರೆಯ ಮೂರು ಮುಖ್ಯ ಪಠ್ಯಗಳು ಒಂದಲ್ಲ ಒಂದು ರೀತಿಯಲ್ಲಿ ಕನ್ನಡನಾಡಿನೊಂದಿಗೆ ಸಂಬಂಧ ಹೊಂದಿವೆ. ಮೊದಲನೆಯದು ಕಲ್ಯಾಣದಲ್ಲಿ ರಚಿತವಾದ ವಿಜ್ಞಾನೇಶ್ವರನ ‘ಮಿತಾಕ್ಷರಾ’. ಎರಡನೆಯದು ಮೈಸೂರಿನಲ್ಲಿ ಬೆಳಕು ಕಂಡ ಕೌಟಿಲ್ಯನ ‘ಅರ್ಥಶಾಸ್ತ್ರ’. ಮೂರನೆಯದು 2001ರಲ್ಲಿ ಬೆಂಗಳೂರಿನಲ್ಲಿ ಕರಡು ರೂಪ ತಳೆದು ಆ ನಗರದ ಹೆಸರನ್ನೇ ಹೊತ್ತ ನ್ಯಾಯಾಂಗ ನಡವಳಿಕೆಯ ತತ್ತ್ವಗಳು. ಈ ಲಿಖಿತ ಪರಂಪರೆಯ ಪಕ್ಕದಲ್ಲಿ ಊರ ಕಟ್ಟೆಯ ಮೌಖಿಕ ಪರಂಪರೆಯೂ ಇದೆ. ಇವೆಲ್ಲವನ್ನೂ ಜೊತೆಯಲ್ಲಿಟ್ಟು, ವಿಳಂಬದ ಹೊಣೆಯನ್ನು ಯಾವ ಕಾಲ ಯಾರ ಮೇಲೆ ಹೊರಿಸಿತು ಎಂಬ ಪ್ರಶ್ನೆಯನ್ನು ಪ್ರಸ್ತುತ ಪ್ರಬಂಧದಲ್ಲಿ ಪರಿಶೀಲಿಸಲಾಗಿದೆ.

ಕಲ್ಯಾಣದ ಮಿತಾಕ್ಷರಾ

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (ಕ್ರಿ.ಶ. 1076-1126) ಆಳ್ವಿಕೆಯಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ‘ಮಿತಾಕ್ಷರಾ’. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವೇ ಅಂದಿನ ಕಲ್ಯಾಣ. ಬಂಗಾಳ ಹಾಗೂ ಅದರ ನೆರೆಯ ಕೆಲವು ಭಾಗಗಳನ್ನು ಬಿಟ್ಟರೆ ಭಾರತದ ಬಹುಭಾಗದಲ್ಲಿ ಹಿಂದೂ ದಾಯವಿಭಾಗಕ್ಕೆ ಪ್ರಮಾಣವೆನಿಸಿದ ಗ್ರಂಥವಾಗಿ ಇದು ಪ್ರಸಿದ್ಧವಾಗಿದೆ. ಆದರೆ ಇದರ ವ್ಯವಹಾರಾಧ್ಯಾಯವು ಆಸ್ತಿ ಹಂಚಿಕೆಯಿಂದ ಆರಂಭವಾಗುವುದಿಲ್ಲ. ನ್ಯಾಯಸಭೆ ಹೇಗಿರಬೇಕು, ಅದರ ಸದಸ್ಯರು ಎಂಥವರಾಗಿರಬೇಕು, ಅವರು ತಪ್ಪಿದರೆ ಏನಾಗಬೇಕು ಎಂಬ ವಿಚಾರಗಳೇ ಅಲ್ಲಿ ಮೊದಲು ಬರುತ್ತವೆ. ಈ ಕ್ರಮವು ಅರ್ಥಪೂರ್ಣವಾಗಿದೆ. ನಿರ್ಣಯಿಸುವವರನ್ನು ನಿಯಮಕ್ಕೆ ಒಳಪಡಿಸಿದ ನಂತರವೇ ನಿರ್ಣಯಕ್ಕೆ ಒಳಗಾಗುವವರ ವಿಷಯವನ್ನು ಶಾಸ್ತ್ರಕಾರನು ಎತ್ತಿಕೊಳ್ಳುತ್ತಾನೆ.

ರಾಜನು ಕೋಪಲೋಭಗಳನ್ನು ತೊರೆದು, ವಿದ್ವಾಂಸರೊಡನೆ ಕುಳಿತು, ಧರ್ಮಶಾಸ್ತ್ರಕ್ಕೆ ಅನುಸಾರವಾಗಿ ವ್ಯವಹಾರಗಳನ್ನು ನೋಡಬೇಕೆಂಬುದು ಸ್ಮೃತಿಯ ಮೊದಲ ವಿಧಿ. ಸಭ್ಯರು ಶಾಸ್ತ್ರಾಧ್ಯಯನ ಸಂಪನ್ನರೂ ಸತ್ಯವಾದಿಗಳೂ ಆಗಿದ್ದು, ಶತ್ರುವನ್ನೂ ಮಿತ್ರನನ್ನೂ ಸಮನಾಗಿ ಕಾಣುವವರಾಗಿರಬೇಕು. ಜನರ ವಿಶ್ವಾಸವನ್ನು ಗಳಿಸುವ ಸಲುವಾಗಿ ಕೆಲವು ವರ್ತಕರೂ ಸಭೆಯಲ್ಲಿರಬೇಕೆಂಬ ಕಾತ್ಯಾಯನನ ಮತವನ್ನು ವಿಜ್ಞಾನೇಶ್ವರನು ಉಲ್ಲೇಖಿಸುತ್ತಾನೆ. ರಾಜನು ಅನ್ಯಾಯದ ಕಡೆಗೆ ಹೊರಳಿದಾಗ ಅವನನ್ನು ತಡೆಯುವುದು ನಿಯುಕ್ತ ಸಭ್ಯರ ಕರ್ತವ್ಯ; ತಡೆಯದಿದ್ದರೆ ಅವರೂ ದೋಷಭಾಗಿಗಳು. ಸಭೆಯಲ್ಲಿ ಕುಳಿತು ಮೌನವಹಿಸುವುದೂ ಒಂದು ತಪ್ಪೆಂಬ ಭಾವನೆ ಧರ್ಮಶಾಸ್ತ್ರಗಳಲ್ಲಿ ವ್ಯಾಪಕವಾಗಿದೆ. ತಪ್ಪು ನಿರ್ಣಯದಿಂದ ಉಂಟಾಗುವ ಅಧರ್ಮದಲ್ಲಿ ಕಾಲುಭಾಗ ತಪ್ಪು ಮಾಡಿದವನಿಗೆ, ಕಾಲುಭಾಗ ಸಾಕ್ಷಿಗೆ, ಕಾಲುಭಾಗ ಸಭ್ಯರಿಗೆ, ಕಾಲುಭಾಗ ರಾಜನಿಗೆ ಸೇರುತ್ತದೆಂದು ಮನುಸ್ಮೃತಿಯು ಹೇಳುತ್ತದೆ.

ಪಾಪದ ಲೆಕ್ಕವನ್ನು ದಂಡದ ಲೆಕ್ಕವಾಗಿ ಪರಿವರ್ತಿಸುವಲ್ಲಿ ಯಾಜ್ಞವಲ್ಕ್ಯ ಸ್ಮೃತಿಯು ಇನ್ನೊಂದು ಹೆಜ್ಜೆ ಮುಂದಿಡುತ್ತದೆ. ರಾಗದಿಂದಾಗಲಿ, ಲೋಭದಿಂದಾಗಲಿ, ಭಯದಿಂದಾಗಲಿ ಧರ್ಮಕ್ಕೆ ವಿರುದ್ಧವಾಗಿ ನಡೆದ ಸಭ್ಯರಿಗೆ ಪ್ರತ್ಯೇಕ ಪ್ರತ್ಯೇಕವಾಗಿ ಇಮ್ಮಡಿ ದಂಡ ವಿಧಿಸಬೇಕೆಂಬುದು ಅದರ ಆದೇಶ. ಇಲ್ಲಿ ವಿಜ್ಞಾನೇಶ್ವರನ ವ್ಯಾಖ್ಯಾನವು ಎರಡು ಕಾರಣಗಳಿಂದ ಗಮನಾರ್ಹವಾಗಿದೆ. ಇಮ್ಮಡಿ ಎಂದರೆ ವಿವಾದಕ್ಕೆ ಒಳಗಾದ ವಸ್ತುವಿನ ಬೆಲೆಯ ಇಮ್ಮಡಿಯಲ್ಲ, ಸೋತವನಿಗೆ ಬೀಳುತ್ತಿದ್ದ ದಂಡದ ಇಮ್ಮಡಿ ಎಂದು ಆತ ಸ್ಪಷ್ಟಪಡಿಸುತ್ತಾನೆ. ಬೆಲೆಯನ್ನೇ ಆಧಾರವಾಗಿಟ್ಟುಕೊಂಡರೆ, ಹಣದ ಮಾತೇ ಇಲ್ಲದ ವ್ಯಾಜ್ಯಗಳಲ್ಲಿ ತಪ್ಪಿತಸ್ಥ ಸಭ್ಯನು ದಂಡವಿಲ್ಲದೆ ಪಾರಾಗುವನೆಂಬುದು ಅವನ ತರ್ಕ. ಎರಡನೆಯದಾಗಿ, ರಾಗ, ಲೋಭ, ಭಯ ಎಂಬ ಮೂರನ್ನು ಹೆಸರಿಸಿರುವುದರಿಂದ ಅಜ್ಞಾನದಿಂದಾದ ತಪ್ಪಿಗೆ ಈ ಇಮ್ಮಡಿ ದಂಡ ಸಲ್ಲದೆಂದು ಆತ ಹೇಳುತ್ತಾನೆ. ತಿಳಿಯದೆ ಎಡವಿದವನಿಗೂ ತಿಳಿದೂ ತಪ್ಪಿದವನಿಗೂ ನಡುವಿನ ಅಂತರವನ್ನು ಹನ್ನೆರಡನೆಯ ಶತಮಾನದ ಆಸುಪಾಸಿನಲ್ಲಿಯೇ ಕಲ್ಯಾಣದ ಪಂಡಿತನು ಗುರುತಿಸಿದ್ದನು. ಸರಿಯಾಗಿ ನೋಡದ ವ್ಯವಹಾರವನ್ನು ರಾಜನು ಮತ್ತೆ ನೋಡಿ, ಗೆದ್ದವನ ಸಹಿತ ಸಭ್ಯರನ್ನು ದಂಡಿಸಬೇಕೆಂಬ ವಿಧಿಯೂ ಅದೇ ಅಧ್ಯಾಯದಲ್ಲಿದೆ.

ಕಾಲದ ವಿಷಯದಲ್ಲಿಯೂ ಈ ಗ್ರಂಥದ ನಿಲುವು ಸೂಕ್ಷ್ಮವಾಗಿದೆ. ವಾದಿಯ ಹೇಳಿಕೆಯನ್ನು ಪ್ರತಿವಾದಿಯ ಎದುರಿನಲ್ಲಿಯೇ ವರ್ಷ, ಮಾಸ, ಪಕ್ಷ, ದಿನಗಳ ಸಹಿತ ಬರೆಯಿಸಬೇಕು. ಪ್ರತಿವಾದಿಯ ಉತ್ತರವನ್ನು ವಾದಿಯ ಎದುರಿನಲ್ಲಿ ಬರೆಯಿಸಬೇಕು. ಆ ಬಳಿಕ ವಾದಿಯು ತಡಮಾಡದೆ ತನ್ನ ಸಾಧನಗಳನ್ನು ಬರೆಯಿಸಬೇಕು. ಸಾಹಸ, ಕಳವು, ಬೈಗುಳ ಅಥವಾ ಹಲ್ಲೆ, ಗೋವು, ಘೋರ ಆರೋಪ, ಪ್ರಾಣ ಅಥವಾ ಧನದ ಹಾನಿ, ಸ್ತ್ರೀ ಇವುಗಳಿಗೆ ಸಂಬಂಧಿಸಿದ ವ್ಯವಹಾರಗಳಲ್ಲಿ ಪ್ರತಿವಾದಿಯಿಂದ ಆ ಕ್ಷಣವೇ ಉತ್ತರ ಪಡೆಯಬೇಕು. ಉಳಿದವುಗಳಲ್ಲಿ ಕಾಲಾವಕಾಶವು ಸಂದರ್ಭಾನುಸಾರ ವಿವೇಚನೆಗೆ ಬಿಟ್ಟದ್ದು. ಎಲ್ಲ ವ್ಯಾಜ್ಯಗಳಿಗೂ ಒಂದೇ ಗಡುವನ್ನು ಶಾಸ್ತ್ರವು ಹಾಕಲಿಲ್ಲ. ತಡವಾದರೆ ಸರಿಪಡಿಸಲಾಗದ ನಷ್ಟ ಒದಗುವ ಪ್ರಸಂಗಗಳನ್ನು ಬೇರ್ಪಡಿಸಿ, ಅವುಗಳಿಗೆ ಮಾತ್ರ ತ್ವರೆಯನ್ನು ವಿಧಿಸಿತು.

ನಾರದ ಸ್ಮೃತಿಯಲ್ಲಿ ಇದಕ್ಕೆ ಪೂರಕವಾದ ಮತ್ತೊಂದು ವಿಚಾರ ದೊರೆಯುತ್ತದೆ. ದನ ಮೇಯಿಸುವ ಹೊತ್ತಿನಲ್ಲಿ ಗೋವಳನನ್ನೂ, ಬೆಳೆಯ ಕಾಲದಲ್ಲಿ ರೈತನನ್ನೂ, ಕೆಲಸ ನಡೆಯುತ್ತಿರುವಾಗ ಶಿಲ್ಪಿಯನ್ನೂ, ಯುದ್ಧದ ವೇಳೆ ಸೈನಿಕನನ್ನೂ ವ್ಯಾಜ್ಯಕ್ಕಾಗಿ ತಡೆದು ನಿಲ್ಲಿಸಬಾರದೆಂಬುದು ಅದರ ಅಭಿಪ್ರಾಯ. ಕಕ್ಷಿಗಾರನ ಬದುಕಿಗೂ ಒಂದು ಋತುಮಾನವಿದೆಯೆಂಬ ತಿಳಿವಳಿಕೆ ಇಲ್ಲಿ ವ್ಯಕ್ತವಾಗಿದೆ. ದುಡಿಯುವವನ ಹಿತಕ್ಕಾಗಿ ದಿನವನ್ನು ಮುಂದೂಡುವುದು ಬೇರೆ, ನಿರ್ಣಾಯಕನ ಅಲಕ್ಷ್ಯದಿಂದ ದಿನಗಳು ಉರುಳುವುದು ಬೇರೆ. ಪ್ರಾಚೀನ ಶಾಸ್ತ್ರಕಾರರು ಮೊದಲನೆಯದನ್ನು ಅನುಗ್ರಹವೆಂದು, ಎರಡನೆಯದನ್ನು ಅಪರಾಧವೆಂದು ಎಣಿಸಿದರು.

ಇಷ್ಟರಿಂದ ಅಂದಿನ ವ್ಯವಸ್ಥೆಯು ನಿರ್ದೋಷವಾಗಿತ್ತೆಂದು ತೀರ್ಮಾನಿಸಲಾಗದು. ವರ್ಣಕ್ಕೆ ತಕ್ಕಂತೆ ದಂಡವು ವ್ಯತ್ಯಾಸಗೊಳ್ಳುತ್ತಿತ್ತು. ದಾಖಲೆ, ಭುಕ್ತಿ, ಸಾಕ್ಷಿಗಳು ಇಲ್ಲದಲ್ಲಿ ದಿವ್ಯಕ್ಕೆ ಮೊರೆಹೋಗುವುದನ್ನು ಶಾಸ್ತ್ರವು ಒಪ್ಪಿತ್ತು. ಕರ್ನಾಟಕದ ಶಾಸನಗಳಲ್ಲಿ ದಿವ್ಯಪರೀಕ್ಷೆಯ ಉಲ್ಲೇಖಗಳೂ, ಗೆದ್ದ ಪಕ್ಷಕ್ಕೆ ಜಯಪತ್ರವಿತ್ತ ಉಲ್ಲೇಖಗಳೂ ಇವೆ. ಶಾಸ್ತ್ರವು ನಡೆಯಬೇಕಾದುದನ್ನು ಹೇಳುತ್ತದೆ; ನಡೆದುದನ್ನು ತಿಳಿಯಲು ಶಾಸನಗಳ ನೆರವು ಬೇಕು. ಆದರೆ ಜಯಪತ್ರವನ್ನು ಕಲ್ಲಿನಲ್ಲಿ ಕೊರೆಯಿಸಿದ ಪದ್ಧತಿಯೇ ಒಂದು ಸಂಗತಿಯನ್ನು ಸಾರುತ್ತದೆ. ವ್ಯಾಜ್ಯವು ತೀರಿತು, ಮತ್ತೆ ಏಳಬಾರದು ಎಂಬ ಖಚಿತತೆಯನ್ನು ಸಮಾಜವು ಬಯಸಿತ್ತು.

ಮೈಸೂರಿನಲ್ಲಿ ಬೆಳಕು ಕಂಡ ಅರ್ಥಶಾಸ್ತ್ರ

ಮಿತಾಕ್ಷರಾ ವ್ಯಾಖ್ಯಾನದಲ್ಲಿ ಸಭ್ಯರ ದೋಷವು ಮುಖ್ಯವಾಗಿ ಪಕ್ಷಪಾತಕ್ಕೆ ಸಂಬಂಧಿಸಿದ್ದು. ವಿಳಂಬವನ್ನು ನೇರವಾಗಿ ದಂಡಾರ್ಹವೆಂದು ಸಾರುವ ಪ್ರಾಚೀನ ಪಠ್ಯವೆಂದರೆ ಕೌಟಿಲ್ಯನ ‘ಅರ್ಥಶಾಸ್ತ್ರ’. ಶತಮಾನಗಳ ಕಾಲ ಹೆಸರಿನಿಂದಷ್ಟೇ ಪರಿಚಿತವಾಗಿದ್ದ ಈ ಗ್ರಂಥದ ಹಸ್ತಪ್ರತಿಯು ತಂಜಾವೂರು ಜಿಲ್ಲೆಯ ಪಂಡಿತರೊಬ್ಬರ ಮೂಲಕ ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಬಂದಿತು. 1891ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಯಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ, 1909ರಲ್ಲಿ ಮೂಲಪಾಠವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಗ್ರಂಥದ ರಚನಾಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲದಿದ್ದರೂ, ಪ್ರಾಚೀನ ಭಾರತದ ಆಡಳಿತ ಚಿಂತನೆಯನ್ನು ಕುರಿತ ಅಧ್ಯಯನವು ಮೈಸೂರಿನ ಈ ಪ್ರಕಟಣೆಯಿಂದ ಹೊಸ ದಿಕ್ಕು ಪಡೆಯಿತೆಂಬುದು ನಿರ್ವಿವಾದ.

ಈ ಗ್ರಂಥದ ನಾಲ್ಕನೆಯ ಅಧಿಕರಣದಲ್ಲಿ ಅಧಿಕಾರಿಗಳ ಮೇಲಿನ ನಿಯಂತ್ರಣವನ್ನು ಹೇಳುವಾಗ ‘ಧರ್ಮಸ್ಥ’ನ, ಅಂದರೆ ನ್ಯಾಯಾಧೀಶನ, ತಪ್ಪುಗಳನ್ನು ಮೂರು ಮೆಟ್ಟಿಲುಗಳಲ್ಲಿ ವಿಂಗಡಿಸಲಾಗಿದೆ. ಕಕ್ಷಿಗಾರನನ್ನು ಬೆದರಿಸುವುದು, ಗದರಿಸುವುದು, ಹೊರಗಟ್ಟುವುದು, ಬಾಯಿ ಮುಚ್ಚಿಸುವುದು ಮೊದಲ ಮೆಟ್ಟಿಲು. ಇದಕ್ಕೆ ಪ್ರಥಮ ಸಾಹಸದಂಡ. ಕೇಳಬೇಕಾದುದನ್ನು ಕೇಳದಿರುವುದು, ಕೇಳಬಾರದುದನ್ನು ಕೇಳುವುದು, ಕೇಳಿ ಅರ್ಧಕ್ಕೆ ಬಿಡುವುದು, ಉತ್ತರವನ್ನು ಹೇಳಿಕೊಡುವುದು ಎರಡನೆಯ ಮೆಟ್ಟಿಲು. ಇದಕ್ಕೆ ಮಧ್ಯಮ ಸಾಹಸದಂಡ. ಸಾಕ್ಷಿಯಿಲ್ಲದೆ ಕಾರ್ಯ ಮುಗಿಸುವುದು, ನೆಪವೊಡ್ಡಿ ಸಾಗಹಾಕುವುದು, ಕಾಲಹರಣ ಮಾಡಿ ಕಕ್ಷಿಗಾರನನ್ನು ದಣಿಸಿ ಹಿಂದಿರುಗುವಂತೆ ಮಾಡುವುದು, ಸಾಕ್ಷಿಗಳಿಗೆ ನೆರವಾಗುವುದು, ತೀರಿದ ವ್ಯಾಜ್ಯವನ್ನು ಮತ್ತೆ ಕೈಗೆತ್ತಿಕೊಳ್ಳುವುದು ಮೂರನೆಯ ಮೆಟ್ಟಿಲು. ಇದಕ್ಕೆ ಉತ್ತಮ ಸಾಹಸದಂಡ. ಅದೇ ಗ್ರಂಥದ ಮತ್ತೊಂದು ಪ್ರಕರಣದಂತೆ ಉತ್ತಮ ಸಾಹಸದಂಡದ ಪ್ರಮಾಣವು 500ರಿಂದ 1000 ಪಣ. ಅಪರಾಧವನ್ನು ಮರುಕಳಿಸಿದರೆ ಇಮ್ಮಡಿ ದಂಡವಲ್ಲದೆ ಪದಚ್ಯುತಿಯೂ ವಿಧಿತವಾಗಿದೆ. ಆಡಿದ ಮಾತನ್ನು ಬರೆದುಕೊಳ್ಳದ, ಆಡದ ಮಾತನ್ನು ಬರೆದುಕೊಳ್ಳುವ ಲೇಖಕನಿಗೂ ದಂಡವುಂಟು.

ಇಲ್ಲಿ ಎರಡು ಅಂಶಗಳು ವಿಚಾರಾರ್ಹವಾಗಿವೆ. ಮೊದಲನೆಯದು, ಕಾಲಹರಣವನ್ನು ಕೌಟಿಲ್ಯನು ಕೇವಲ ಆಲಸ್ಯವೆಂದು ಕಾಣಲಿಲ್ಲ. ಕಕ್ಷಿಗಾರನನ್ನು ದಣಿಸುವುದು ಅವನನ್ನು ಸೋಲಿಸುವ ಒಂದು ಉಪಾಯವೆಂದು ಆತ ಬಲ್ಲವನಾಗಿದ್ದನು. ದಣಿದು ಮನೆಗೆ ಮರಳಿದವನ ವಿರುದ್ಧ ತೀರ್ಪು ಬರೆಯಬೇಕಾದ ಅಗತ್ಯವೇ ಇರುವುದಿಲ್ಲ. ಆದ್ದರಿಂದಲೇ ಗದರಿಕೆಗಿಂತ ಕಾಲಹರಣಕ್ಕೆ ಹೆಚ್ಚಿನ ದಂಡ ಗೊತ್ತಾಗಿದೆ. ಎರಡನೆಯದು, ಸಾಕ್ಷಿಯಿಲ್ಲದೆ ಆತುರದಿಂದ ಮುಗಿಸುವುದನ್ನೂ ವಿಳಂಬದಿಂದ ಮುಗಿಸದಿರುವುದನ್ನೂ ಒಂದೇ ದಂಡದ ಕೆಳಗೆ ಇಡಲಾಗಿದೆ. ಆತುರವೂ ವಿಳಂಬವೂ ಪರಸ್ಪರ ವಿರುದ್ಧವೆಂದು ತೋರಿದರೂ ಎರಡರ ಪರಿಣಾಮವೂ ಒಂದೇ. ಎರಡರಲ್ಲಿಯೂ ಕಕ್ಷಿಗಾರನ ಮಾತು ಕೇಳಿಸದೆ ಹೋಗುತ್ತದೆ.

ಕಟ್ಟೆಯ ನ್ಯಾಯ

ಕುಲ, ಶ್ರೇಣಿ, ಪೂಗ, ರಾಜನಿಯುಕ್ತ ಸಭೆ ಎಂಬ ನ್ಯಾಯಸ್ಥಾನಗಳ ಶ್ರೇಣೀಕರಣವನ್ನು ಯಾಜ್ಞವಲ್ಕ್ಯ ಸ್ಮೃತಿಯು ಹೇಳುತ್ತದೆ. ಬಂಧುವರ್ಗದ ಸಭೆಗಿಂತ ವೃತ್ತಿಸಂಘದ ಸಭೆ, ಅದಕ್ಕಿಂತ ಊರವರ ಸಭೆ, ಅದಕ್ಕಿಂತ ರಾಜನು ನೇಮಿಸಿದ ಸಭೆ ಮೇಲಿನದು. ಜಾನಪದ ಸಮುದಾಯಗಳಲ್ಲಿ ಈ ಬಗೆಯ ಮೆಟ್ಟಿಲುಗಳು ಬೇರೆ ಬೇರೆ ಹೆಸರುಗಳಲ್ಲಿ ಉಳಿದುಬಂದಿವೆ. ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರಲ್ಲಿ ಪ್ರತಿಯೊಂದು ಕೊಪ್ಪಕ್ಕೂ ಒಬ್ಬ ಗೌಡ, ಅವನಿಗೆ ಸಲಹೆ ನೀಡುವ ಬುದವಂತ, ಕರೆ ಮುಟ್ಟಿಸುವ ಕೋಲಕಾರ ಇರುವ ವ್ಯವಸ್ಥೆಯಿದೆ. ಹಲವು ಕೊಪ್ಪಗಳು ಸೇರಿ ಸೀಮೆಯಾಗುತ್ತದೆ. ಕೊಪ್ಪದಲ್ಲಿ ಬಗೆಹರಿಯದ ವ್ಯಾಜ್ಯವನ್ನು ಸೀಮೆಯ ಗೌಡನ ಮುಂದಿಡಲಾಗುತ್ತದೆ. ತುಳುನಾಡಿನ ಭೂತಾರಾಧನೆಯಲ್ಲಿ ದೈವದ ಸನ್ನಿಧಿಯು ಪೂಜಾಸ್ಥಾನವಾಗಿರುವಂತೆ ದೂರು ಹೇಳಿಕೊಳ್ಳುವ ಸ್ಥಾನವೂ ಆಗಿದೆ. ಬಯಲುಸೀಮೆಯ ಹಳ್ಳಿಗಳಲ್ಲಿ ಅರಳಿಕಟ್ಟೆ, ಚಾವಡಿ, ಗುಡಿಯ ಜಗಲಿಗಳು ಇದೇ ಕಾರ್ಯವನ್ನು ನಿರ್ವಹಿಸಿವೆ.

ಕಟ್ಟೆಯ ನ್ಯಾಯಕ್ಕೆ ತ್ವರೆಯು ಸಹಜವಾದ ಗುಣವಾಗಿತ್ತು. ಅದಕ್ಕೆ ಕಾರಣಗಳು ಅದರ ರಚನೆಯಲ್ಲಿಯೇ ಇದ್ದವು. ನಿರ್ಣಯಿಸುವವನು ಅದೇ ಊರಿನವನಾಗಿದ್ದು, ವ್ಯಾಜ್ಯವು ಬೆಳೆದರೆ ಅದರ ಬಿಸಿಯು ಅವನಿಗೂ ತಟ್ಟುತ್ತಿತ್ತು. ನೀರಿನ ಪಾಳಿ, ಬದುವಿನ ಗಡಿ, ದನ ಹೊಕ್ಕ ಬೆಳೆ ಮುಂತಾದ ವ್ಯಾಜ್ಯಗಳು ಋತುವಿಗೆ ಅಂಟಿಕೊಂಡವುಗಳಾದ್ದರಿಂದ ಮಳೆಗೆ ಮುನ್ನ ತೀರದಿದ್ದರೆ ತೀರಿಯೂ ಪ್ರಯೋಜನವಿರಲಿಲ್ಲ. ಸಾಕ್ಷಿಗಳು ಕೂಗಳತೆಯಲ್ಲಿದ್ದರು. ಎಲ್ಲರೂ ನೆರೆದ ಸ್ಥಳದಲ್ಲಿ ವಿಚಾರಣೆ ನಡೆಯುತ್ತಿದ್ದುದರಿಂದ ನಿರ್ಣಾಯಕನ ನಡವಳಿಕೆಯೂ ಊರಿನ ಕಣ್ಣಿಗೆ ಬೀಳುತ್ತಿತ್ತು. ಪಕ್ಷಪಾತ ಮಾಡಿದವನಿಗೆ ಪಣಗಳ ದಂಡವಿಲ್ಲದಿದ್ದರೂ, ಮುಂದೆ ಯಾರೂ ಅವನ ಬಳಿ ನ್ಯಾಯ ಕೇಳಿಕೊಂಡು ಬಾರದಿರುವುದೇ ದಂಡವಾಗಿತ್ತು.

ಆದರೆ ತ್ವರೆಯೊಂದನ್ನೇ ಗುಣವೆಂದು ಎತ್ತಿಹಿಡಿದು ಈ ವ್ಯವಸ್ಥೆಯನ್ನು ವೈಭವೀಕರಿಸುವುದು ಸಂಶೋಧನೆಗೆ ಸಲ್ಲದ ಮಾತು. ಕಟ್ಟೆಯ ಮೇಲೆ ಕುಳಿತುಕೊಳ್ಳುವ ಅಧಿಕಾರವು ಎಲ್ಲರಿಗೂ ಸಮನಾಗಿರಲಿಲ್ಲ. ಹೆಣ್ಣಿನ ಪರವಾಗಿ ಅವಳ ತಂದೆಯೋ ಅಣ್ಣನೋ ಮಾತನಾಡಬೇಕಾಗುತ್ತಿತ್ತು. ಅಸ್ಪೃಶ್ಯರೆನಿಸಿಕೊಂಡವರು ದೂರದಲ್ಲಿ ನಿಂತು ತಮ್ಮ ಅಳಲನ್ನು ಹೇಳಿಕೊಳ್ಳಬೇಕಾಗಿತ್ತು. ಎದುರಾಳಿಯು ಭೂಮಾಲೀಕನಾಗಿದ್ದರೆ ಹೇಳಿಕೊಳ್ಳುವ ಧೈರ್ಯವೂ ಇರುತ್ತಿರಲಿಲ್ಲ. ಬಹಿಷ್ಕಾರವೆಂಬ ಶಿಕ್ಷೆಯು ಒಂದೇ ಸಂಜೆಯಲ್ಲಿ ಒಂದು ಕುಟುಂಬವನ್ನು ನೀರು, ಬೆಂಕಿ, ಕೂಲಿಗಳಿಂದ ಹೊರಗಿಡಬಹುದಾಗಿತ್ತು. ಹೀಗೆ ಶೀಘ್ರವಾಗಿ ತೀರಿದ ಎಲ್ಲವೂ ನ್ಯಾಯವಾಗಿರಲಿಲ್ಲ. ಶಾಸ್ತ್ರಕಾರರು ಹೇಳಿದ ಭಯ ಮತ್ತು ರಾಗಗಳು ಕಟ್ಟೆಯಲ್ಲಿ ಜಾತಿಯ ರೂಪದಲ್ಲಿ ನೆಲೆಸಿದ್ದವು. ಕಟ್ಟೆಯನ್ನು ಬಿಟ್ಟು ಕಚೇರಿಯ ಮೆಟ್ಟಿಲು ಹತ್ತಿದವರಲ್ಲಿ ದುರ್ಬಲರೂ ಇದ್ದುದಕ್ಕೆ ಇದು ಒಂದು ಮುಖ್ಯ ಕಾರಣ. ತಡವಾದರೂ ತಮ್ಮ ಮಾತನ್ನು ಬರೆದುಕೊಳ್ಳುವ ಒಂದು ಸ್ಥಳ ಅವರಿಗೆ ಬೇಕಾಗಿತ್ತು.

ಕಚೇರಿಯ ಕಾಲ

ವಸಾಹತುಶಾಹಿ ಆಡಳಿತವು ಈ ಸ್ಥಳವನ್ನು ಒದಗಿಸಿತು. ಅದರೊಂದಿಗೆ ಹೊಸ ಬಗೆಯ ಕಾಲವನ್ನೂ ತಂದಿತು. 1772ರ ವಾರನ್ ಹೇಸ್ಟಿಂಗ್ಸ್ ಯೋಜನೆಯಂತೆ ದಾಯಭಾಗ, ವಿವಾಹ, ಜಾತಿ ಮುಂತಾದ ವಿಷಯಗಳಲ್ಲಿ ಹಿಂದೂಗಳಿಗೆ ಶಾಸ್ತ್ರವೇ ಪ್ರಮಾಣವಾಯಿತು. ಮಿತಾಕ್ಷರಾ ಗ್ರಂಥದ ದಾಯವಿಭಾಗ ಪ್ರಕರಣವನ್ನು ಕೋಲ್‌ಬ್ರೂಕ್ 1810ರಲ್ಲಿ ಇಂಗ್ಲಿಷಿಗೆ ಅನುವಾದಿಸಿದನು. ಅಲ್ಲಿಂದ ಮುಂದೆ ವಿಜ್ಞಾನೇಶ್ವರನ ಹೆಸರು ನ್ಯಾಯಾಲಯಗಳಲ್ಲಿ ಮೊಳಗಿತು. ಆದರೆ ಮೊಳಗಿದ್ದು ಆಸ್ತಿಯನ್ನು ಹಂಚುವ ವಿಜ್ಞಾನೇಶ್ವರ ಮಾತ್ರ. ನ್ಯಾಯಾಲಯದ ನಡಾವಳಿಯು ಕಂಪನಿಯ ರೆಗ್ಯುಲೇಷನ್‌ಗಳಿಗೂ, ಅನಂತರ 1859ರ ಸಿವಿಲ್ ಪ್ರಕ್ರಿಯಾ ಸಂಹಿತೆಗೂ ಒಳಪಟ್ಟಿತು. ಸಭ್ಯರಿಗೆ ಇಮ್ಮಡಿ ದಂಡ ವಿಧಿಸುವ ವಿಜ್ಞಾನೇಶ್ವರನಿಗೆ ಅಲ್ಲಿ ಸ್ಥಾನವಿರಲಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, 1850ರ ನ್ಯಾಯಿಕ ಅಧಿಕಾರಿಗಳ ಸಂರಕ್ಷಣಾ ಅಧಿನಿಯಮವು ಸದ್ಭಾವನೆಯಿಂದ ಕೈಗೊಂಡ ನ್ಯಾಯಿಕ ಕಾರ್ಯಕ್ಕಾಗಿ ನ್ಯಾಯಾಧೀಶನ ಮೇಲೆ ಸಿವಿಲ್ ದಾವೆ ಹೂಡುವುದನ್ನು ತಡೆಯಿತು.

ಈ ಬದಲಾವಣೆಯನ್ನು ಕೇವಲ ಹಾನಿಯೆಂದು ಬಗೆಯಬೇಕಾಗಿಲ್ಲ. ಸೋತ ಪ್ರತಿಯೊಬ್ಬ ಕಕ್ಷಿಗಾರನೂ ನ್ಯಾಯಾಧೀಶನ ಮೇಲೆ ದಾವೆ ಹೂಡಬಹುದಾಗಿದ್ದರೆ, ಬಲಶಾಲಿಯ ವಿರುದ್ಧ ತೀರ್ಪು ನೀಡಲು ಯಾರೂ ಮುಂದೆ ಬರುತ್ತಿರಲಿಲ್ಲ. ಯಾಜ್ಞವಲ್ಕ್ಯನು ಹೆಸರಿಸಿದ ಮೂರು ದೋಷಗಳಲ್ಲಿ ಭಯವೂ ಒಂದೆಂಬುದನ್ನು ಇಲ್ಲಿ ನೆನೆಯಬೇಕು. ದಂಡದ ಭಯವೇ ನ್ಯಾಯಾಧೀಶನನ್ನು ಕೆಡಿಸಬಲ್ಲದು. ಆದರೆ ದಂಡವನ್ನು ತೆಗೆದುಹಾಕಿದ ವ್ಯವಸ್ಥೆಯು ವಿಳಂಬದ ಹೊಣೆಯನ್ನು ಬೇರೆ ಯಾರ ಮೇಲೂ ಹೊರಿಸದೆ ಹೋದುದರಿಂದ, ಅದು ಕ್ರಮೇಣ ಕಕ್ಷಿಗಾರನ ಹೆಗಲಿಗೇ ಬಂದು ಕುಳಿತಿತು.

ಮೈಸೂರು ಸಂಸ್ಥಾನದ ಆಡಳಿತವು 1831ರಲ್ಲಿ ಬ್ರಿಟಿಷರ ಕೈಸೇರಿದ ಬಳಿಕ, ಮಾರ್ಕ್ ಕಬ್ಬನ್ ಆಯುಕ್ತನಾಗಿ ಬಂದ 1834ರಲ್ಲಿಯೇ ಹುಜೂರ್ ಅದಾಲತ್ ಸ್ಥಾಪನೆಯಾಯಿತು. ಆ ಕಾಲದ ನ್ಯಾಯಾಲಯಗಳಲ್ಲಿ ಪಂಚಾಯಿತಿಯ ನೆರವನ್ನು ಪಡೆಯುವ ಪದ್ಧತಿಯೂ ಇದ್ದಿತು. 1856ರಲ್ಲಿ ಜುಡಿಷಿಯಲ್ ಕಮಿಷನರ್ ಹುದ್ದೆಯು ಏರ್ಪಟ್ಟಿತು. 1884ರಲ್ಲಿ ಚೀಫ್ ಕೋರ್ಟ್ ಅಸ್ತಿತ್ವಕ್ಕೆ ಬಂದು, 1930ರಲ್ಲಿ ಅದು ಹೈಕೋರ್ಟ್ ಎಂಬ ಹೆಸರು ಪಡೆಯಿತು. ಕಟ್ಟೆಯಿಂದ ಕಚೇರಿಗೆ, ಕಚೇರಿಯಿಂದ ರಾಜಧಾನಿಗೆ ನ್ಯಾಯವು ಮೇಲೇರುತ್ತ ಹೋದಂತೆ ಅದರ ಬಾಗಿಲು ದೂರವಾಗುತ್ತ ಹೋಯಿತು.

ಜನಭಾಷೆಯು ಈ ಅನುಭವವನ್ನು ತನ್ನದೇ ರೀತಿಯಲ್ಲಿ ದಾಖಲಿಸಿದೆ. ದಾವೆ, ಫಿರ್ಯಾದಿ, ಜಾಮೀನು, ವಕೀಲ, ತಕರಾರು, ಅಮೀನ ಮುಂತಾದ ಅರಬ್ಬೀ ಮತ್ತು ಪಾರಸಿ ಮೂಲದ ಪದಗಳು ಕನ್ನಡಿಗರ ನಿತ್ಯದ ಮಾತಿನಲ್ಲಿ ಬೆರೆತುಹೋದವು. ಇವುಗಳಲ್ಲಿ ‘ವಾಯಿದೆ’ ಎಂಬ ಪದದ ಚರಿತ್ರೆಯು ವಿಶೇಷವಾಗಿ ಪರಿಶೀಲನಾರ್ಹ. ಮೂಲದಲ್ಲಿ ಇದಕ್ಕೆ ಕೊಟ್ಟ ಮಾತು, ವಚನ ಎಂಬ ಅರ್ಥವಿದೆ. ಕಚೇರಿಯ ಬಳಕೆಯಲ್ಲಿ ಅದು ಗೊತ್ತುಪಡಿಸಿದ ಅವಧಿಯನ್ನು ಸೂಚಿಸಿತು. ಹಳ್ಳಿಯ ಬಾಯಲ್ಲಿ ಮುಂದೂಡುವುದು ಎಂಬ ಅರ್ಥ ಪಡೆಯಿತು. ಕೊಟ್ಟ ಮಾತನ್ನು ಹೇಳುತ್ತಿದ್ದ ಶಬ್ದವೇ ಮಾತು ತಪ್ಪುವುದಕ್ಕೆ ಹೆಸರಾಯಿತು. ಸಾಲ ಹಿಂದಿರುಗಿಸದವನನ್ನು ಕುರಿತು ‘ವಾಯಿದೆ ಹೇಳುತ್ತಾನೆ’ ಎನ್ನುವ ಬಳಕೆಯಲ್ಲಿ ಈ ಅರ್ಥಾಂತರವು ಸ್ಪಷ್ಟವಾಗಿದೆ. ಹಾಗೆಯೇ, ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯು ನಾಡಿನಾದ್ಯಂತ ಪ್ರಚಲಿತವಾಗಿದೆ. ಇದನ್ನು ಸಾಮಾನ್ಯವಾಗಿ ವ್ಯಾಜ್ಯದ ಖರ್ಚಿಗೆ ಅನ್ವಯಿಸಲಾಗುತ್ತದೆ. ಆದರೆ ಗೆದ್ದವನೂ ಸೋಲುವಂತೆ ಮಾಡುವ ಖರ್ಚು ಒಂದೇ ದಿನದ್ದಲ್ಲ. ಅದು ವರ್ಷಗಳಿಂದ ಕೂಡಿಬಂದ ಖರ್ಚು. ಗಾದೆಯು ತೀರ್ಪಿನ ಸರಿತಪ್ಪುಗಳ ಬಗ್ಗೆ ಏನನ್ನೂ ಹೇಳುವುದಿಲ್ಲವೆಂಬುದು ಗಮನಿಸಬೇಕಾದ ಸಂಗತಿ. ತೀರ್ಪು ಸರಿಯಾಗಿಯೇ ಬಂದಿರಬಹುದು, ಆದರೂ ಗೆದ್ದವನು ಸೋತಿದ್ದಾನೆ.

ಬೆಂಗಳೂರು ತತ್ತ್ವಗಳು ಮತ್ತು ಇತ್ತೀಚಿನ ವಿಧಿಗಳು

ಸ್ವಾತಂತ್ರ್ಯಾನಂತರದ ನ್ಯಾಯಾಂಗವು ಈ ಹೊಣೆಯ ಪ್ರಶ್ನೆಯನ್ನು ಮೊದಲು ಪ್ರಜೆಯ ಹಕ್ಕಿನ ಕಡೆಯಿಂದ ಕೈಗೆತ್ತಿಕೊಂಡಿತು. ಬಿಹಾರದ ಸೆರೆಮನೆಗಳಲ್ಲಿ ವಿಚಾರಣೆಯಿಲ್ಲದೆ ವರ್ಷಗಟ್ಟಲೆ ಕೊಳೆಯುತ್ತಿದ್ದವರಿಗೆ ಸಂಬಂಧಿಸಿದ ಹುಸೈನಾರಾ ಖಾತೂನ್ ಪ್ರಕರಣದಲ್ಲಿ (1979) ಶೀಘ್ರ ವಿಚಾರಣೆಯು ಸಂವಿಧಾನದ 21ನೆಯ ಅನುಚ್ಛೇದದ ಅಂಗವೆಂದು ಸರ್ವೋಚ್ಚ ನ್ಯಾಯಾಲಯವು ಸಾರಿತು. ನ್ಯಾಯಾಧೀಶರ ನಡವಳಿಕೆಯ ಕಡೆಯಿಂದ, ನ್ಯಾಯಾಂಗ ಜೀವನದ ಮೌಲ್ಯಗಳನ್ನು 16 ಅಂಶಗಳಲ್ಲಿ ನಿರೂಪಿಸಿದ ಹೇಳಿಕೆಯನ್ನು ಅದೇ ನ್ಯಾಯಾಲಯದ ಪೂರ್ಣಸಭೆಯು 1997ರ ಮೇ 7ರಂದು ಅಂಗೀಕರಿಸಿತು.

ಅಂತರರಾಷ್ಟ್ರೀಯ ಮಟ್ಟದಲ್ಲಿ ಇದೇ ಉದ್ದೇಶದ ಪ್ರಯತ್ನವು 2000ದ ಏಪ್ರಿಲ್‌ನಲ್ಲಿ ವಿಯೆನ್ನಾದಲ್ಲಿ ಆರಂಭವಾಯಿತು. ಏಷ್ಯಾ ಮತ್ತು ಆಫ್ರಿಕಾದ ಹಲವು ದೇಶಗಳ ಹಿರಿಯ ನ್ಯಾಯಮೂರ್ತಿಗಳಿದ್ದ ಆ ಬಳಗದಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಅಂದಿನ ಮುಖ್ಯ ನ್ಯಾಯಮೂರ್ತಿಗಳೂ ಇದ್ದರು. ಶ್ರೀಲಂಕಾದ ನ್ಯಾಯಮೂರ್ತಿ ಕ್ರಿಸ್ಟಫರ್ ವೀರಮಂತ್ರಿ ಅಧ್ಯಕ್ಷರಾಗಿದ್ದರು. 2001ರ ಫೆಬ್ರವರಿಯಲ್ಲಿ ಈ ಬಳಗವು ಬೆಂಗಳೂರಿನಲ್ಲಿ ಸೇರಿ ಕರಡನ್ನು ಸಿದ್ಧಪಡಿಸಿತು. 2002ರ ನವೆಂಬರ್‌ನಲ್ಲಿ ಹೇಗ್ ನಗರದಲ್ಲಿ ಅದರ ಪರಿಷ್ಕರಣ ನಡೆಯಿತು. 2006ರಲ್ಲಿ ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯು ತನ್ನ ನಿರ್ಣಯದ ಮೂಲಕ ಇವನ್ನು ಸದಸ್ಯರಾಷ್ಟ್ರಗಳ ಗಮನಕ್ಕೆ ತಂದಿತು. ಸ್ವಾತಂತ್ರ್ಯ, ನಿಷ್ಪಕ್ಷಪಾತ, ಪ್ರಾಮಾಣಿಕತೆ, ಔಚಿತ್ಯ, ಸಮಾನತೆ, ಸಾಮರ್ಥ್ಯ ಮತ್ತು ಶ್ರದ್ಧೆ ಎಂಬುವು ಇದರ ಆರು ಮೌಲ್ಯಗಳು. ಕೊನೆಯ ಮೌಲ್ಯದ ವಿವರಣೆಯಲ್ಲಿ, ಕಾಯ್ದಿರಿಸಿದ ತೀರ್ಪುಗಳನ್ನು ನೀಡುವುದೂ ಸೇರಿದಂತೆ ಎಲ್ಲ ಕರ್ತವ್ಯಗಳನ್ನು ದಕ್ಷತೆಯಿಂದ, ನ್ಯಾಯೋಚಿತವಾಗಿ ಹಾಗೂ ಸಮಂಜಸವಾದ ಶೀಘ್ರತೆಯಿಂದ ನಿರ್ವಹಿಸಬೇಕೆಂಬ ವಿಧಿಯಿದೆ. ಕಕ್ಷಿಗಾರರೊಡನೆ, ಸಾಕ್ಷಿಗಳೊಡನೆ, ವಕೀಲರೊಡನೆ ತಾಳ್ಮೆಯಿಂದಲೂ ಸೌಜನ್ಯದಿಂದಲೂ ವರ್ತಿಸಬೇಕೆಂಬ ವಿಧಿಯು ಅದರ ಬೆನ್ನಿಗೇ ಬರುತ್ತದೆ. ಗದರಿಕೆಯನ್ನೂ ಕಾಲಹರಣವನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿದ ಕೌಟಿಲ್ಯನ ಪ್ರಕರಣಕ್ಕೂ ಇದಕ್ಕೂ ಇರುವ ಸಾಮ್ಯವು ಆಕಸ್ಮಿಕವೇ ಆಗಿರಬಹುದು. ಆದರೆ ತಾಳ್ಮೆ ಮತ್ತು ಶೀಘ್ರತೆಗಳು ಒಂದೇ ಕರ್ತವ್ಯದ ಎರಡು ಮುಖಗಳೆಂಬ ಅರಿವು ಎರಡರಲ್ಲಿಯೂ ಸಮಾನವಾಗಿದೆ.

ಇದೇ ವರ್ಷಗಳಲ್ಲಿ ಸರ್ವೋಚ್ಚ ನ್ಯಾಯಾಲಯದ ಎರಡು ತೀರ್ಪುಗಳು ಈ ಪ್ರಶ್ನೆಯ ಎರಡು ಬದಿಗಳನ್ನು ನಿರ್ಧರಿಸಿದವು. ವಾದ ಮುಗಿದ ಬಳಿಕ ತೀರ್ಪಿಗಾಗಿ ಎರಡು ವರ್ಷ ಕಾಯಬೇಕಾಗಿ ಬಂದಿದ್ದ ಅನಿಲ್ ರೈ ಪ್ರಕರಣದಲ್ಲಿ (2001) ನ್ಯಾಯಾಲಯವು ಉಚ್ಚ ನ್ಯಾಯಾಲಯಗಳಿಗೆ ಮಾರ್ಗಸೂಚಿಗಳನ್ನು ನೀಡಿತು. ತೀರ್ಪನ್ನು ಕಾಯ್ದಿರಿಸಿದ ದಿನ ಮತ್ತು ಪ್ರಕಟಿಸಿದ ದಿನ ಎರಡನ್ನೂ ತೀರ್ಪಿನ ಮೊದಲ ಪುಟದಲ್ಲಿಯೇ ನಮೂದಿಸುವ ವ್ಯವಸ್ಥೆಯಾಗಬೇಕು. ಮೂರು ತಿಂಗಳೊಳಗೆ ತೀರ್ಪು ಬಾರದಿದ್ದರೆ ಕಕ್ಷಿಗಾರನು ಅರ್ಜಿ ಸಲ್ಲಿಸಬಹುದು. ಆರು ತಿಂಗಳು ಕಳೆದರೆ ಪ್ರಕರಣವನ್ನು ಬೇರೊಂದು ಪೀಠಕ್ಕೆ ವರ್ಗಾಯಿಸುವಂತೆ ಮುಖ್ಯ ನ್ಯಾಯಮೂರ್ತಿಯನ್ನು ಕೋರಬಹುದು. ಮರುವರ್ಷ ಕರ್ನಾಟಕದಿಂದಲೇ ಹೋಗಿದ್ದ ಪಿ. ರಾಮಚಂದ್ರ ರಾವ್ ಪ್ರಕರಣದಲ್ಲಿ (2002) ಏಳು ನ್ಯಾಯಮೂರ್ತಿಗಳ ಪೀಠವು ಇನ್ನೊಂದು ಬದಿಯನ್ನು ಎತ್ತಿಹಿಡಿಯಿತು. ನಿಗದಿತ ಅವಧಿ ಮುಗಿದೊಡನೆ ಕ್ರಿಮಿನಲ್ ವಿಚಾರಣೆಯನ್ನೇ ನಿಲ್ಲಿಸುವಂಥ ಗಡುವನ್ನು ನ್ಯಾಯಾಲಯವು ತಾನಾಗಿ ವಿಧಿಸಲಾಗದೆಂದೂ, ವಿಳಂಬವು ಅನ್ಯಾಯವಾಗಿದೆಯೇ ಎಂಬುದನ್ನು ಆಯಾ ಪ್ರಕರಣದ ಸಂದರ್ಭದಲ್ಲಿಯೇ ತೂಗಿ ನೋಡಬೇಕೆಂದೂ ಅದು ನಿರ್ಣಯಿಸಿತು. ಕೆಲವು ವ್ಯವಹಾರಗಳಲ್ಲಿ ತತ್ಕ್ಷಣ, ಉಳಿದವುಗಳಲ್ಲಿ ವಿವೇಚನೆ ಎಂಬ ಯಾಜ್ಞವಲ್ಕ್ಯನ ವಿಂಗಡಣೆಯ ಹಿಂದಿರುವ ವಿವೇಕಕ್ಕೆ ಈ ನಿಲುವು ಹತ್ತಿರವಾಗಿದೆ.

ಶಾಸನರೂಪದ ವಿಧಿಗಳೂ ಇದರೊಂದಿಗೆ ಬೆಳೆದಿವೆ. 2002ರಲ್ಲಿ ಜಾರಿಗೆ ಬಂದ ತಿದ್ದುಪಡಿಗಳಂತೆ, ಸಿವಿಲ್ ದಾವೆಯ ವಿಚಾರಣೆಯಲ್ಲಿ ಒಬ್ಬ ಕಕ್ಷಿಗಾರನಿಗೆ ಮೂರಕ್ಕಿಂತ ಹೆಚ್ಚು ಬಾರಿ ಮುಂದೂಡಿಕೆ ನೀಡಬಾರದು. ವಿಚಾರಣೆ ಮುಗಿದ 30 ದಿನಗಳೊಳಗೆ, ಅಸಾಧಾರಣ ಸಂದರ್ಭಗಳಲ್ಲಿ 60 ದಿನಗಳೊಳಗೆ ತೀರ್ಪು ಹೊರಬರಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ ಸೆಷನ್ಸ್ ವಿಚಾರಣೆಯಲ್ಲಿ ವಾದ ಮುಗಿದ 30 ದಿನಗಳೊಳಗೆ ತೀರ್ಪು ನೀಡಬೇಕು. ಕಾರಣವನ್ನು ಬರೆದಿಟ್ಟು 45 ದಿನಗಳವರೆಗೆ ವಿಸ್ತರಿಸಬಹುದು. ದೂರವೂ ಒಂದು ಬಗೆಯ ವಿಳಂಬವೇ ಎಂಬ ತಿಳಿವಳಿಕೆಯಿಂದ 2008ರಲ್ಲಿ ಧಾರವಾಡ ಮತ್ತು ಗುಲಬರ್ಗಾಗಳಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಸಂಚಾರಿ ಪೀಠಗಳು ಆರಂಭವಾಗಿ, 2013ರಲ್ಲಿ ಕಾಯಂ ಪೀಠಗಳಾದವು. ಅದಕ್ಕೆ ಮುನ್ನ ಮಿತಾಕ್ಷರಾ ಹುಟ್ಟಿದ ಊರಿನ ಕಕ್ಷಿಗಾರನೊಬ್ಬನು ಉಚ್ಚ ನ್ಯಾಯಾಲಯದ ಮೆಟ್ಟಿಲೇರಲು 600 ಕಿಲೋಮೀಟರಿಗೂ ಹೆಚ್ಚು ದೂರ ಪ್ರಯಾಣಿಸಬೇಕಾಗಿತ್ತು.

ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಸಕಾಲಿಕತೆ ಮತ್ತು ನಿಷ್ಪಕ್ಷಪಾತಗಳನ್ನು ಎರಡು ಪ್ರತ್ಯೇಕ ಕರ್ತವ್ಯಗಳಾಗಿ ಈ ಪರಂಪರೆಯು ಕಂಡಿಲ್ಲ. ಕಾಲಹರಣವು ದುರ್ಬಲನನ್ನು ಮೊದಲು ದಣಿಸುವುದರಿಂದ, ವಿಳಂಬವು ತಾನಾಗಿಯೇ ಬಲಶಾಲಿಯ ಪಕ್ಷ ವಹಿಸುತ್ತದೆ. ಹಾಗೆಯೇ ಕೇಳಬೇಕಾದವರನ್ನು ಕೇಳದೆ ಮುಗಿಸುವ ತ್ವರೆಯೂ ಬಲಶಾಲಿಯ ಪಕ್ಷವನ್ನೇ ವಹಿಸುತ್ತದೆ. ಕಟ್ಟೆಯ ನ್ಯಾಯದ ಕಹಿ ಅನುಭವಗಳು ಇದಕ್ಕೆ ನಿದರ್ಶನ.

ಎರಡನೆಯದಾಗಿ, ವಿಳಂಬದ ಹೊಣೆಯು ಕಾಲದಿಂದ ಕಾಲಕ್ಕೆ ಸ್ಥಾನ ಬದಲಾಯಿಸಿದೆ. ಪ್ರಾಚೀನ ಶಾಸ್ತ್ರವು ಅದನ್ನು ನಿರ್ಣಾಯಕನ ಕಿಸೆ ಮತ್ತು ಪದವಿಗಳ ಮೇಲೆ ಹೊರಿಸಿತು. ಕಟ್ಟೆಯು ಅವನ ಮರ್ಯಾದೆಯ ಮೇಲೆ ಹೊರಿಸಿತು. ವಸಾಹತುಕಾಲದ ಕಚೇರಿಯಲ್ಲಿ ಅದು ಕಕ್ಷಿಗಾರನ ಪಾಲಿಗೆ ಬಂದಿತು. ಆಧುನಿಕ ನೀತಿಸಂಹಿತೆಗಳು ಅದನ್ನು ನ್ಯಾಯಾಧೀಶನ ಅಂತಃಸಾಕ್ಷಿಗೆ ಒಪ್ಪಿಸಿವೆ. ಅನಿಲ್ ರೈ ಪ್ರಕರಣದ ಮಾರ್ಗಸೂಚಿಗಳು ಅದನ್ನು ಸಂಸ್ಥೆಯ ದಾಖಲೆಗೂ ಒಳಪಡಿಸಿದವು. ನ್ಯಾಯಾಧೀಶನನ್ನು ಭಯಕ್ಕೆ ಗುರಿಮಾಡದೆ ವಿಳಂಬವನ್ನು ಎಲ್ಲರಿಗೂ ಕಾಣುವಂತೆ ಮಾಡುವ ಈ ಮಾರ್ಗವು, ಊರೆಲ್ಲ ನೋಡುತ್ತಿದ್ದ ಕಟ್ಟೆಯ ಗುಣವನ್ನು ಅದರ ದೋಷಗಳಿಲ್ಲದೆ ಉಳಿಸಿಕೊಳ್ಳುವ ಪ್ರಯತ್ನವಾಗಿದೆ.

ಮೂರನೆಯದಾಗಿ, ವಿಜ್ಞಾನೇಶ್ವರನನ್ನು ದಾಯವಿಭಾಗದ ಪ್ರಮಾಣಪುರುಷನಾಗಿ ಮಾತ್ರ ನೆನೆಯುವ ರೂಢಿಯು ಅವನ ಗ್ರಂಥದ ಮೊದಲ ಪುಟಗಳನ್ನು ಮರೆಸಿದೆ. ನಿರ್ಣಯಿಸುವವನೂ ನಿರ್ಣಯಕ್ಕೆ ಒಳಪಟ್ಟವನೆಂಬ ತತ್ತ್ವವನ್ನು ಆ ಪುಟಗಳು ಪ್ರತಿಪಾದಿಸುತ್ತವೆ. ಅವುಗಳ ವರ್ಣಭೇದವನ್ನು ಸಂವಿಧಾನವು ನಿರಾಕರಿಸಿದೆ, ಅವುಗಳ ದಂಡವಿಧಾನವು ಇಂದು ಅನ್ವಯಿಸುವಂಥದಲ್ಲ. ಆದರೆ ಅವು ಎತ್ತಿದ ಪ್ರಶ್ನೆಯು ಉಳಿದಿದೆ. ಕನ್ನಡನಾಡಿನ ಶಾಸನಗಳಲ್ಲಿರುವ ಜಯಪತ್ರದ ಉಲ್ಲೇಖಗಳನ್ನೂ, ಸಮುದಾಯಗಳ ಕಟ್ಟೆಮನೆಗಳ ಮೌಖಿಕ ನಡಾವಳಿಗಳನ್ನೂ, ಸಂಸ್ಥಾನಕಾಲದ ನ್ಯಾಯಾಲಯಗಳ ದಫ್ತರುಗಳನ್ನೂ ಒಟ್ಟಿಗೆ ಇಟ್ಟು, ವ್ಯಾಜ್ಯವೊಂದು ತೀರಲು ಎಷ್ಟು ಕಾಲ ಹಿಡಿಯುತ್ತಿತ್ತು, ಆ ಕಾಲದ ಬೆಲೆಯನ್ನು ಯಾರು ತೆರುತ್ತಿದ್ದರು ಎಂಬುದನ್ನು ಅಳೆಯುವ ಅಧ್ಯಯನವು ಜಾನಪದ ಮತ್ತು ಇತಿಹಾಸ ಎರಡೂ ಶಿಸ್ತುಗಳು ಕೂಡಿ ಕೈಗೊಳ್ಳಬೇಕಾದ ಕಾರ್ಯವಾಗಿದೆ.